ಕೆಂಗಲ್ಲಿನ ದುಂಡು ಪೆಟ್ಟಿಗೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ ರಾಮನಗರದ ಬಂಡೆಬೆಟ್ಟಗಳನ್ನು ಹಿಂದಿಕ್ಕಿ ಚನ್ನಪಟ್ಟಣದ ಕಡೆಗೆ ಸಾಗುವ ಪ್ರಯಾಣಿಕನಿಗೆ ಮೊದಲು ಎದುರಾಗುವುದು ಜಾನಪದ ಲೋಕ. ಅದನ್ನು ದಾಟಿ ಸ್ವಲ್ಪ ದೂರ ಹೋದರೆ ಕೆಂಗಲ್. ಊರು ಎನ್ನುವುದಕ್ಕಿಂತ ದೇವಸ್ಥಾನದ ಸುತ್ತಣ ಆವರಣ ಎನ್ನುವುದೇ ಸರಿಯಾದೀತು. ಇಲ್ಲಿಯ ಆಂಜನೇಯನ ಮೂರ್ತಿ ಕೆಂಪು ಛಾಯೆಯ ಶಿಲೆಯದು. ಕೆಂಪಾದ ಕಲ್ಲೇ ಕೆಂಗಲ್. ಕೆಂಗಣ್ಣು, ಕೆಂಗದಿರು ಎಂಬ ಮಾತುಗಳಲ್ಲಿ ಕಕಾರವು ಗಕಾರವಾದ ಕ್ರಮದಲ್ಲಿಯೇ ಈ ಹೆಸರೂ ಹುಟ್ಟಿತು. ಸುತ್ತಲಿನ ರೈತರಿಗೆ ಇದು ಅಯ್ಯನಗುಡಿ. ಸಂಕ್ರಾಂತಿಯ ಆಸುಪಾಸಿನಲ್ಲಿ ಇಲ್ಲಿ ಕೂಡುವ ದನಗಳ ಜಾತ್ರೆಗೆ ಎತ್ತುಗಳನ್ನು ಸಿಂಗರಿಸಿಕೊಂಡು ಬರುವ ಒಕ್ಕಲಿನ ಮಕ್ಕಳಿಗೆ ಈ ಗುಡಿಯ ಹೊರತು ಹೊಸ ವರ್ಷವಿಲ್ಲ. 1952ರಿಂದ 1956ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಹನುಮಂತಯ್ಯನವರು ತಮ್ಮ ಹೆಸರಿನ ಮುಂದೆ ಕೆಂಗಲ್ ಎಂದು ಧರಿಸಿಕೊಂಡದ್ದು ಈ ದೇವರ ಕಾರಣದಿಂದ.

ದೇವರಿಗೆ ಕೈಮುಗಿದು ಮುಂದೆ ಹೊರಟವರನ್ನು ಚನ್ನಪಟ್ಟಣದ ಗೊಂಬೆಯ ಅಂಗಡಿಗಳು ಸೆಳೆಯುತ್ತವೆ. ತೂಗುವ ಕುದುರೆ, ಬಣ್ಣದ ರೈಲು, ತಲೆಯಾಡಿಸುವ ಅಜ್ಜ ಅಜ್ಜಿ, ಕೂಸಿನ ಗಿಲಕಿ. ಮಕ್ಕಳ ಕೈ ಆಟಿಕೆಯ ಕಡೆಗೂ ದೊಡ್ಡವರ ಕೈ ಹಣದ ಚೀಲದ ಕಡೆಗೂ ಹೋಗುವುದು ಇಲ್ಲಿಯ ನಿತ್ಯನಾಟಕ. ಈ ಗದ್ದಲದಲ್ಲಿ ಒಳಗಿನ ಕಪಾಟಿನ ಮೂಲೆಯಲ್ಲಿ ಕುಳಿತ ಒಂದು ವಸ್ತುವನ್ನು ಕಾಣುವವರು ವಿರಳ. ಅದು ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದಾದ, ಮುಚ್ಚಳವುಳ್ಳ, ಅರಗಿನ ಹೊಳಪಿನ ದುಂಡು ಪೆಟ್ಟಿಗೆ. ಅದರ ನೆರೆಯಲ್ಲಿ ಲೇಖನಿಗಳನ್ನು ನಿಲ್ಲಿಸುವ ಕೊಳವೆಯಂತಹ ಬಟ್ಟಲು. ಮೇಜಿನ ಮೇಲೆ ಇರಬೇಕಾದ ಸಾಮಗ್ರಿ ಇವು. ಬೊಂಬೆಗಳ ಊರಿನಲ್ಲಿ ದೊಡ್ಡವರಿಗಾಗಿ ಹುಟ್ಟಿದ ಆಟಿಕೆಗಳೆಂದರೂ ಸಲ್ಲುತ್ತದೆ.

ಬರೆಯುವವನ ಮೇಜಿನ ಸಾಮಗ್ರಿಗಾಗಿ ಪೆಟ್ಟಿಗೆ ಮಾಡುವುದನ್ನು ಒಂದು ಮಹಾಕಲೆಯ ಮಟ್ಟಕ್ಕೆ ಏರಿಸಿದವರು ಚೀನೀಯರು. ಕುಂಚ, ಮಸಿಯ ಕಡ್ಡಿ, ಕಾಗದ, ಮಸಿ ತೇಯುವ ಕಲ್ಲು, ಈ ನಾಲ್ಕನ್ನು ಅವರು ಓದುವ ಕೋಣೆಯ ನಾಲ್ಕು ನಿಧಿಗಳೆಂದು ಕರೆದರು. ಮಸಿಯ ಕಲ್ಲಿಗೊಂದು ಪೆಟ್ಟಿಗೆ, ಮುದ್ರೆಗೊಂದು ಪೆಟ್ಟಿಗೆ, ಪತ್ರಗಳಿಗೊಂದು ಪೆಟ್ಟಿಗೆ. ಮಸಿಗಲ್ಲಿನ ಪೆಟ್ಟಿಗೆಯನ್ನು ಹಲಗೆಗಳನ್ನು ಕೂಡಿಸಿ ಮಾಡದೆ, ಗಟ್ಟಿಮರದ ಎರಡು ತುಂಡುಗಳನ್ನು ಒಳಗೆ ಕೊರೆದು, ಒಂದು ತಳವಾಗಿಯೂ ಇನ್ನೊಂದು ಮುಚ್ಚಳವಾಗಿಯೂ ಕೂರುವಂತೆ ಮಾಡುತ್ತಿದ್ದುದುಂಟು. ಕಲ್ಲು ಸೊಟ್ಟಗಿದ್ದರೆ ಪೆಟ್ಟಿಗೆಯೂ ಸೊಟ್ಟಗೆ. ಕಲ್ಲಿನ ಅಂಚು ಎಲ್ಲಿ ಬಾಗಿದೆಯೋ ಅಲ್ಲಿ ಮರವೂ ಬಾಗುತ್ತಿತ್ತು. ಮೇಲೆ ಕೆತ್ತನೆಯ ಅಬ್ಬರ ಬೇಡ, ಮರದ ನರಗಳೇ ಅಲಂಕಾರವೆಂಬುದು ಅಲ್ಲಿಯ ಒಳ್ಳೆಯ ರಸಿಕರ ಮತ.

ಹದಿನೇಳನೆಯ ಶತಮಾನದ ಆರಂಭದಲ್ಲಿ ಸೂಚೌ ನಗರದ ವೆನ್ ಚೆನ್‌ಹೆಂಗ್ ಎಂಬ ಪಂಡಿತನು ಇಂತಹ ವಸ್ತುಗಳನ್ನು ಕುರಿತೇ ಹನ್ನೆರಡು ಭಾಗಗಳ ಗ್ರಂಥವೊಂದನ್ನು ಬರೆದನು. ಅದರ ಹೆಸರನ್ನು ಕನ್ನಡದಲ್ಲಿ ‘ಮಿಗಿಲಾದ ವಸ್ತುಗಳು’ ಎನ್ನಬಹುದು. ಎಂದರೆ ಬದುಕಲು ಬೇಕಾಗದ, ಆದರೆ ಬಿಡಲಾಗದ ವಸ್ತುಗಳು. ಯಾವ ಮೇಜಿನ ಮೇಲೆ ಯಾವ ಬಟ್ಟಲಿರಬೇಕು, ಯಾವುದು ಸುಸಂಸ್ಕೃತ, ಯಾವುದು ಹೊಸ ಹಣದವರ ಆಡಂಬರ ಎಂದು ಅವನು ಖಂಡಿತವಾದ ಮಾತಿನಲ್ಲಿ ತೀರ್ಪು ಕೊಡುತ್ತಾನೆ. ಕೊಂಚ ಗರ್ವಿಷ್ಠನೆಂದು ತೋರಬಹುದು. ಆದರೆ 1644ರಲ್ಲಿ ಮಿಂಗ್ ರಾಜವಂಶ ಉರುಳಿ ಹೊಸ ದೊರೆಗಳ ಸೈನ್ಯ ತನ್ನ ನಾಡಿಗೆ ಬಂದಾಗ, 1645ರಲ್ಲಿ ಅನ್ನವನ್ನು ತೊರೆದು ಪ್ರಾಣಬಿಟ್ಟವನೂ ಅವನೇ. ಮಿಗಿಲಾದ ವಸ್ತುಗಳನ್ನು ಕುರಿತು ಅಷ್ಟು ಬರೆದವನು ಅವಶ್ಯವಾದ ಅನ್ನವನ್ನೇ ಬಿಟ್ಟನು.

ಈ ಚೀನೀ ಪೆಟ್ಟಿಗೆಗಳಿಗೂ ಕನ್ನಡ ನಾಡಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧ ಮರದಲ್ಲಿದೆ. ಚೀನೀ ಪಂಡಿತರು ಎಲ್ಲ ಮರಗಳಿಗಿಂತ ಮೇಲೆಂದು ಎಣಿಸಿದ, ಅರಮನೆಯ ಕಾರ್ಖಾನೆಗಳಲ್ಲಿ ಎಚ್ಚರಿಕೆಯಿಂದ ಕೂಡಿಟ್ಟು ಬಳಸಿದ ಮರಕ್ಕೆ ಅವರ ಭಾಷೆಯಲ್ಲಿ ಚ್‌ತಾನ್ ಎಂದು ಹೆಸರು. ಕಪ್ಪುಗೆಂಪು ಬಣ್ಣ, ನೀರಿಗೆ ಹಾಕಿದರೆ ಮುಳುಗುವಷ್ಟು ತೂಕ, ಉಜ್ಜಿದರೆ ಕನ್ನಡಿಯಂತಹ ನುಣುಪು. ಅದು ದಕ್ಷಿಣ ಸಮುದ್ರದ ಕಡೆಯಿಂದ ಹಡಗಿನಲ್ಲಿ ಬರುತ್ತದೆಂಬುದು ಅವರ ತಿಳಿವಳಿಕೆಯಾಗಿತ್ತು. ಬೆಲೆಬಾಳುವ ಕೆಂಪು ಮರಗಳಿಗಾಗಿ ಚೀನಾ 2000ದಲ್ಲಿ ಹೊರಡಿಸಿದ ರಾಷ್ಟ್ರೀಯ ಮಾನದಂಡದಲ್ಲಿ ಈ ಹೆಸರು ಸಲ್ಲುವುದು ಒಂದೇ ಒಂದು ಜಾತಿಗೆ; ಅದು ನಮ್ಮ ರಕ್ತಚಂದನ. ಈ ಮರ ತಾನಾಗಿ ಹುಟ್ಟಿ ಬೆಳೆಯುವ ನೆಲೆ ಪೂರ್ವಘಟ್ಟಗಳ ದಕ್ಷಿಣದ ತುದಿ: ಕಡಪ, ಚಿತ್ತೂರು, ನೆಲ್ಲೂರಿನ ಬೆಟ್ಟಗಳು, ತಿರುಪತಿಯ ಶೇಷಾಚಲದ ಸಾಲು. ಕೋಲಾರದ ಗಡಿಯಿಂದಾಚೆ ಬಹು ದೂರವೇನೂ ಅಲ್ಲ.

ಮೈಸೂರು ಸೀಮೆಯ ಮನೆಗಳಲ್ಲಿ ಈ ಮರ ಇನ್ನೊಂದು ರೂಪದಲ್ಲಿ ಚಿರಪರಿಚಿತ. ನವರಾತ್ರಿಯ ಮೊದಲ ದಿನ ಮೆಟ್ಟಿಲುಗಳ ಮೇಲೆ ಮೊದಲು ಏರುವ ಪಟ್ಟದ ಬೊಂಬೆಗಳನ್ನು, ರಾಜ ರಾಣಿಯರ ಆ ಜೋಡಿಯನ್ನು, ಹಿಂದೆ ಮಾಡುತ್ತಿದ್ದುದು ರಕ್ತಚಂದನದ ಮರದಿಂದ. ತವರಿನಿಂದ ಮಗಳಿಗೆ ಕೊಟ್ಟ ಬೊಂಬೆಗಳು ಹಳೆಯ ರೇಷ್ಮೆಯ ತುಂಡನ್ನು ಉಟ್ಟುಕೊಂಡು ವರ್ಷಕ್ಕೆ ಒಂಬತ್ತು ದಿನ ಅರಸರಾಗಿ, ಮಿಕ್ಕ ದಿನ ಬಟ್ಟೆಯಲ್ಲಿ ಸುತ್ತಿಸಿಕೊಂಡು ಅಟ್ಟದ ಪೆಟ್ಟಿಗೆಯಲ್ಲಿ ನಿದ್ರಿಸುತ್ತವೆ. ಒಂದೇ ಬೆಟ್ಟದ ಮರ ಸಮುದ್ರ ದಾಟಿದಾಗ ಪಂಡಿತನ ಪೆಟ್ಟಿಗೆಯಾಯಿತು, ದಾಟದೆ ಉಳಿದಾಗ ಹೆಣ್ಣುಮಕ್ಕಳ ಬೊಂಬೆಯಾಯಿತು. ಇವೆರಡರಲ್ಲಿ ಯಾವುದು ಮರಕ್ಕೆ ಸಂದ ಹೆಚ್ಚಿನ ಗೌರವವೆಂದು ಸುಲಭವಾಗಿ ತೀರ್ಮಾನಿಸಲಾಗದು. 1995ರಿಂದ ರಕ್ತಚಂದನದ ಅಂತರರಾಷ್ಟ್ರೀಯ ವ್ಯಾಪಾರ ಕಟ್ಟುಪಾಡಿಗೆ ಒಳಗಾಗಿದೆ. ಆದರೂ ಕಳ್ಳಸಾಗಣೆಯ ಸುದ್ದಿ ಪತ್ರಿಕೆಗಳಿಂದ ಮರೆಯಾಗಿಲ್ಲ. ಚೀನಾದ ಹಳೆಯ ಪೆಟ್ಟಿಗೆಯ ಮೋಹ ಶೇಷಾಚಲದ ಕಾಡಿಗೆ ಇಂದಿಗೂ ಕೊಡಲಿಯಾಗಿದೆ.

ಚನ್ನಪಟ್ಟಣದ ಕುಶಲಕರ್ಮಿಗೆ ಅಂತಹ ರಾಜಮರದ ಹಂಬಲವಿಲ್ಲ. ಅವನ ಮರ ಆಲೆ; ಕೆಲವರು ಹಾಲೆ ಎನ್ನುತ್ತಾರೆ, ತೊಗಟೆಯನ್ನು ಗೀರಿದರೆ ಹಾಲು ಒಸರುತ್ತದೆ. ಕಾಡುಮೇಡಿನಲ್ಲಿ ತಾನಾಗಿ ಬೆಳೆಯುವ ಸಾಧಾರಣ ಗಿಡ. ಹೆಸರಿಲ್ಲ, ಸುವಾಸನೆಯಿಲ್ಲ, ಕಳ್ಳರ ಕಣ್ಣೂ ಇಲ್ಲ. ಆದರೆ ದಂತದಂತೆ ಬಿಳಿದಾದ ಬಣ್ಣ, ಒತ್ತಾದ ನವುರಾದ ಎಳೆ. ಉಳಿ ತಾಗಿದರೆ ಸಿಬಿರೇಳದೆ ಬೆಣ್ಣೆಯಂತೆ ಸುರುಳಿಸುರುಳಿಯಾಗಿ ಹೊರಬರುತ್ತದೆ. ಕಡಿದ ಮರವನ್ನು ಎರಡು ಮೂರು ತಿಂಗಳು ಒಣಗಿಸುತ್ತಾರೆ. ಪೆಟ್ಟಿಗೆಯ ಕೆಲಸಕ್ಕೆ ಈ ಒಣಗಿಸುವಿಕೆಯೇ ಪ್ರಾಣ. ಹಸಿಮರದ ಕುದುರೆ ಕೊಂಚ ಸೊಟ್ಟಗಾದರೂ ಕುದುರೆಯೇ. ಹಸಿಮರದ ಪೆಟ್ಟಿಗೆಯಾದರೋ ಒಣಗುತ್ತ ಮೊಟ್ಟೆಯಾಕಾರಕ್ಕೆ ತಿರುಗಿ ಮುಚ್ಚಳವನ್ನೇ ಒಲ್ಲೆನ್ನುತ್ತದೆ.

ಒಣಗಿದ ತುಂಡನ್ನು ಕಡಸಲು ಯಂತ್ರಕ್ಕೆ, ಎಂದರೆ ಲೇತಿಗೆ, ಕಚ್ಚಿಸುತ್ತಾರೆ. ಹಿಂದೆ ಒಂದು ಕೈಯಲ್ಲಿ ಬಿಲ್ಲಿನ ಹಗ್ಗವನ್ನು ಎಳೆದು ತಿರುಗಿಸುತ್ತ ಇನ್ನೊಂದು ಕೈಯಲ್ಲಿ ಉಳಿ ಹಿಡಿಯುತ್ತಿದ್ದರು. ಈಗ ಹೆಚ್ಚಿನ ಕಡೆ ವಿದ್ಯುತ್ತಿನ ಮೋಟಾರು. ಮೊದಲು ಹೊರಮೈ, ಅನಂತರ ಒಳಗಿನ ಟೊಳ್ಳು, ಕೊನೆಗೆ ಬಾಯಿಯ ಅಂಚು. ತಳದ ಅಂಚನ್ನು ಒಂದು ಮೆಟ್ಟಿಲಿನಷ್ಟು ಒಳಗೆ ಸರಿಸಿ, ಮುಚ್ಚಳದ ಅಂಚು ಅದರ ಮೇಲೆ ಕೂರುವಂತೆ ಮಾಡಬೇಕು. ಕೂದಲೆಳೆಯಷ್ಟು ಹೆಚ್ಚು ಕೊರೆದರೆ ಮುಚ್ಚಳ ಗಡಗಡಿಸುತ್ತದೆ, ಕಡಿಮೆಯಾದರೆ ಮಳೆಗಾಲದಲ್ಲಿ ಕಚ್ಚಿಕೊಳ್ಳುತ್ತದೆ. ಅಳತೆಯ ಉಪಕರಣಕ್ಕಿಂತ ಇಲ್ಲಿ ಹೆಬ್ಬೆರಳ ತುದಿಯೇ ಪ್ರಮಾಣ. ಚೆನ್ನಾಗಿ ಕೂಡಿದ ಪೆಟ್ಟಿಗೆಯ ಮುಚ್ಚಳವನ್ನು ಒತ್ತಿದರೆ ಒಳಗಿನ ಗಾಳಿ ಒಂದು ಸಣ್ಣ ನಿಟ್ಟುಸಿರಿನಂತೆ ಹೊರಬರುತ್ತದೆ.

ಅನಂತರ ಬಣ್ಣ. ಅರಗನ್ನು ಬಿಸಿಮಾಡಿ, ಬಣ್ಣವನ್ನು ಸೇರಿಸಿ ನಾದಿ, ಕಡ್ಡಿಗಳಾಗಿ ಎಳೆದಿಟ್ಟಿರುತ್ತಾರೆ. ಅರಿಸಿನದ ಹಳದಿ, ನೀಲಿಗಿಡದ ನೀಲಿ, ಕಾಚಿನ ಕಂದು ಮೊದಲಾದ ಸಸ್ಯವರ್ಣಗಳೂ ಬಳಕೆಯಲ್ಲಿವೆ. ಭರದಿಂದ ತಿರುಗುವ ಮರಕ್ಕೆ ಈ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರದ ಮೈಗೆ ಹತ್ತುತ್ತದೆ. ಕುಂಚವಿಲ್ಲ, ಎಣ್ಣೆಯಿಲ್ಲ, ಒಣಗಲು ಕಾಯುವುದಿಲ್ಲ. ಕಡೆಯದಾಗಿ ತಾಳೆಗರಿಯನ್ನು ಅದುಮಿ ಹಿಡಿದು ಉಜ್ಜಿದರೆ ಮಂಕಾಗಿದ್ದ ಬಣ್ಣ ಒಮ್ಮೆಲೇ ಕಣ್ಣುತೆರೆಯುತ್ತದೆ. ಇಲ್ಲಿ ತಾಳೆ ಎಂದರೆ ಕೇದಗೆಯ ಜಾತಿಯ ಗಿಡದ ಗರಿ. ನಮ್ಮ ಹಿರಿಯರು ಕಾವ್ಯಗಳನ್ನು ಬರೆದಿಟ್ಟ ಓಲೆಯ ತಾಳೆಯಲ್ಲ. ಹೆಸರು ಒಂದೇ ಆದ ಕಾರಣ ಈ ಎರಡನ್ನೂ ಒಂದೆಂದು ಭಾವಿಸುವ ಸಂಭವವುಂಟು.

ಅರಗಿನ ವಿಷಯದಲ್ಲಿಯೂ ಅಂತಹುದೇ ಒಂದು ಗೊಂದಲವಿದೆ. ಚೀನೀ ಪೆಟ್ಟಿಗೆಯ ಹೊಳೆಯುವ ಲೇಪಕ್ಕೂ ಚನ್ನಪಟ್ಟಣದ ಲೇಪಕ್ಕೂ ಇಂಗ್ಲಿಷಿನಲ್ಲಿ ಲ್ಯಾಕರ್ ಎಂಬ ಒಂದೇ ಹೆಸರು. ಆ ಶಬ್ದದ ಬೇರು ನಮ್ಮ ಲಾಕ್ಷಾ ಎಂಬುದರಲ್ಲಿದೆ; ಪಾಂಡವರನ್ನು ಸುಡಲು ಕೌರವರು ಕಟ್ಟಿಸಿದ ಲಾಕ್ಷಾಗೃಹದ ಲಾಕ್ಷಾ ಅದೇ. ಅದು ಮರದ ಟೊಂಗೆಗಳ ಮೇಲೆ ಸಣ್ಣ ಕೀಟಗಳು ಸ್ರವಿಸುವ ಅಂಟು. ಬಿಸಿಗೆ ಕರಗುತ್ತದೆ, ಬೆಂಕಿಗೆ ಉರಿಯುತ್ತದೆ. ಚೀನೀಯರ ಲೇಪವಾದರೋ ಒಂದು ಮರದ ಹಾಲು. ಹಸಿಯಾಗಿರುವಾಗ ಮೈಗೆ ಸೋಕಿದರೆ ತುರಿಕೆಯೇಳಿಸುವ ವಿಷ. ಅದನ್ನು ತೆಳ್ಳಗೆ ಬಳಿದು, ಬಿಸಿಲಿನಲ್ಲಿ ಅಲ್ಲ, ತೇವದ ಗಾಳಿಯಲ್ಲಿ ಗಟ್ಟಿಯಾಗಲು ಬಿಡಬೇಕು. ಅದರ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ. ಕೆತ್ತನೆಯ ಕೆಂಪು ಪೆಟ್ಟಿಗೆಗಳಿಗೆ ಹತ್ತಾರು, ಕೆಲವೊಮ್ಮೆ ನೂರಕ್ಕೂ ಮಿಕ್ಕ ಪದರಗಳು. ಚೀನೀ ಪೆಟ್ಟಿಗೆ ತಿಂಗಳುಗಟ್ಟಲೆ ಕಾಯುವ ಕೆಲಸ, ಚನ್ನಪಟ್ಟಣದ್ದು ಗಳಿಗೆಯ ಕೆಲಸ.

ಈ ಭೇದದಿಂದಲೇ ಆಕಾರದ ಭೇದವೂ ಹುಟ್ಟಿತೆಂದು ಹೇಳಬೇಕು. ತಿರುಗುವ ಮರಕ್ಕೆ ಮಾತ್ರ ಅರಗಿನ ಕಡ್ಡಿ ಒಲಿಯುತ್ತದೆ. ದುಂಡಾದದ್ದು ಮಾತ್ರ ಲೇತಿನಲ್ಲಿ ಸಮವಾಗಿ ತಿರುಗುತ್ತದೆ. ಚೌಕ ಪೆಟ್ಟಿಗೆಗೆ ಈ ವಿದ್ಯೆಯಲ್ಲಿ ಸ್ಥಾನವಿಲ್ಲ. ಕನ್ನಡ ನಾಡಿನಲ್ಲಿ ಚೌಕ ಪೆಟ್ಟಿಗೆಗಳು ಇಲ್ಲದಿಲ್ಲ. ಮಲೆನಾಡಿನ ಗುಡಿಗಾರರು ಶ್ರೀಗಂಧದಲ್ಲಿ ಕಡೆದ ಪೆಟ್ಟಿಗೆಗಳೂ, ಮೈಸೂರಿನವರ ಬೀಟೆಮರದ ಕೆತ್ತುಜೋಡಣೆಯ ಪೆಟ್ಟಿಗೆಗಳೂ ಲೋಕವಿಖ್ಯಾತ. ಆದರೆ ಅವುಗಳಲ್ಲಿ ಮುಚ್ಚಳದ ಮೇಲಣ ಆನೆ, ಬಳ್ಳಿ, ದೇವತೆಗಳನ್ನು ನೋಡುತ್ತ ಕುಳಿತವನಿಗೆ ಪೆಟ್ಟಿಗೆಯಲ್ಲಿ ಏನನ್ನು ಇಡಬೇಕೆಂಬುದೇ ಮರೆತುಹೋಗುತ್ತದೆ. ಉಡುಗೊರೆಗೆ ತಕ್ಕವು, ಬಳಕೆಗೆ ಹಿಂಜರಿಕೆ ತರುವವು. ಕೆಂಗಲ್ಲಿನ ದಾರಿಯ ದುಂಡು ಪೆಟ್ಟಿಗೆಗೆ ಆ ಗರ್ವವಿಲ್ಲ. ಚೀನೀಯರು ಮರದ ಬೊಡ್ಡೆಯನ್ನು ಕೊರೆದು ಮಾಡುತ್ತಿದ್ದ ಕುಂಚದ ಬಟ್ಟಲು ಈ ಊರಿನ ಲೇಖನಿಯ ಬಟ್ಟಲಿಗೆ ಹತ್ತಿರದ ನೆಂಟ. ಅಲ್ಲಿಯೂ ದುಂಡು, ಇಲ್ಲಿಯೂ ದುಂಡು.

ಹಾಗಾದರೆ ಈ ಸೀಮೆಯ ಬರಹಗಾರ ತನ್ನ ಸಾಮಗ್ರಿಯನ್ನು ಯಾವುದರಲ್ಲಿ ಇಡುತ್ತಿದ್ದ? ಹಳ್ಳಿಯ ಬರಹಗಾರನೆಂದರೆ ಶಾನುಭೋಗ. ಅವನ ಪುಸ್ತಕ ಕಡತ: ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಹಾವಿನ ಹಾಗೆ ಮಡಿಸಿದ ಉದ್ದನೆಯ ಪಟ್ಟಿ. ಅದರ ಮೇಲೆ ಬಳಪದಿಂದ ಬಿಳಿಯ ಅಕ್ಷರ. ಅಳಿಸಿದರೆ ಅಳಿಯುತ್ತದೆ, ಮತ್ತೆ ಮಸಿ ಬಳಿದರೆ ಮತ್ತೆ ಹೊಸದು. ಪಂಡಿತನಿಗೆ ಓಲೆಗರಿ, ಅದರ ಮೇಲೂ ಕೆಳಗೂ ಎರಡು ಮರದ ಹಲಗೆ, ನಡುವೆ ಪೋಣಿಸಿದ ದಾರ. ಕೊರೆಯಲು ಕಬ್ಬಿಣದ ಕಂಟ, ಕೊರೆದ ಗೀರಿಗೆ ತುಂಬಲು ಕಾಡಿಗೆ. ಆ ಎರಡು ಹಲಗೆಗಳೇ ಅವನ ಪೆಟ್ಟಿಗೆ. ಕಾಗದ, ಮಸಿಕುಡಿಕೆ, ಲೆಕ್ಕಣಿಕೆಗಳು ರೂಢಿಗೆ ಬಂದ ಮೇಲೆ ಬಂದದ್ದು ನೆಲದ ಮೇಲೆ ಕುಳಿತು ಬರೆಯಲು ಅನುಕೂಲವಾದ, ಇಳಿಜಾರು ಮುಚ್ಚಳದ ಮರದ ಡೆಸ್ಕು. ಮುಚ್ಚಳವೇ ಬರೆಯುವ ಹಲಗೆ; ಅದನ್ನೆತ್ತಿದರೆ ಒಳಗೆ ಲೆಕ್ಕದ ಪುಸ್ತಕ, ಲೇವಾದೇವಿಯ ಪತ್ರ, ಮೂಗಿನ ಮೇಲಿಂದ ತೆಗೆದಿಟ್ಟ ಕನ್ನಡಕ, ಮಕ್ಕಳ ಜಾತಕ, ಮೂಲೆಯಲ್ಲಿ ಎರಡು ಅಡಿಕೆ. ಅಜ್ಜನ ಹೊರತು ಬೇರೆಯವರು ಮುಟ್ಟಕೂಡದ ಆ ಡೆಸ್ಕುಗಳು ಅನೇಕ ಮನೆಗಳಲ್ಲಿ ಇಂದು ಟೆಲಿವಿಷನ್ನಿನ ಕೆಳಗೆ ಬಾಗಿ ನಿಂತಿವೆ. ಅವು ಚೀನೀ ಪಂಡಿತನ ಪೆಟ್ಟಿಗೆಯಷ್ಟು ನಯವಲ್ಲದಿರಬಹುದು. ಅಲ್ಲಿದ್ದ ಕಾಗದಗಳ ಮೇಲೆ ಒಂದೊಂದು ಊರಿನ ಹೊಲಗದ್ದೆಗಳ ಹಣೆಬರಹವೇ ನಿಂತಿತ್ತು.

ಬರೆಯುವ ಸಾಮಗ್ರಿಯ ಮಾತು ಬಂದಾಗ ಕುಮಾರವ್ಯಾಸನನ್ನು ನೆನೆಯದಿರಲಾಗದು. ತಾನು ಹಲಗೆ ಬಳಪಗಳನ್ನು ಹಿಡಿದವನಲ್ಲ, ಬರೆದ ಪದವನ್ನು ಅಳಿಸಿದವನಲ್ಲ ಎಂದು ಆ ಕವಿ ತನ್ನ ಭಾರತದ ಪೀಠಿಕೆಯಲ್ಲಿ ಹೆಮ್ಮೆಪಟ್ಟಿದ್ದಾನೆ. ಮೇಜಿನ ಮೇಲೆ ಏನೂ ಬೇಡದ ಬರಹಗಾರನೆಂದರೆ ಅವನೊಬ್ಬನೇ ಇರಬೇಕು. ಮಿಕ್ಕವರಿಗೆಲ್ಲ ಅಳಿಸುವ ಸಾಧನ ಬರೆಯುವ ಸಾಧನದಷ್ಟೇ ಅಗತ್ಯ. ಆ ಭಾರತವನ್ನು ಎರಡು ರೂಪಾಯಿಗೆ ಮನೆಮನೆಗೂ ತಲುಪಿಸುವ ಯೋಜನೆಗೆ ಕಾರಣರಾದವರು ಈ ಕೆಂಗಲ್ಲಿನ ಹೆಸರನ್ನು ಹೊತ್ತ ಹನುಮಂತಯ್ಯನವರೇ. ವಿಧಾನಸೌಧದಲ್ಲಿ ಮಂತ್ರಿಮಂಡಲದ ಕೋಣೆಗೆ ಶ್ರೀಗಂಧದ ಬಾಗಿಲನ್ನು ಇಡಿಸಿದವರೂ ಅವರೇ. ಮರದ ಬೆಲೆಯನ್ನೂ ಅಕ್ಷರದ ಬೆಲೆಯನ್ನೂ ಬಲ್ಲ ಹಳ್ಳಿಗ.

ಚನ್ನಪಟ್ಟಣಕ್ಕೆ ಅರಗಿನ ವಿದ್ಯೆ ಹೇಗೆ ಬಂದಿತೆಂಬುದಕ್ಕೆ ಊರಿನಲ್ಲಿ ಹಲವು ಹೇಳಿಕೆಗಳಿವೆ. ಟಿಪ್ಪು ಸುಲ್ತಾನನು ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿದನೆಂಬುದು ಒಂದು. ಬಾವಾಸ್ ಮಿಯಾ ಎಂಬವರು ಜಪಾನಿನ ಬೊಂಬೆಗಾರರ ರೀತಿಯನ್ನು ಇಲ್ಲಿಗೆ ತಂದರೆಂಬುದು ಇನ್ನೊಂದು. ಇಲ್ಲಿಯ ಬೊಂಬೆಗಳ ಪಿತಾಮಹರೆಂದು ಅವರನ್ನು ಗೌರವಿಸುತ್ತಾರೆ. ಹಿಂದೊಮ್ಮೆ ಈ ಊರು ಬೊಂಬೆಗೆ ಮಾತ್ರವಲ್ಲದೆ ವೀಣೆ ಮೊದಲಾದ ವಾದ್ಯಗಳ ಉಕ್ಕಿನ ತಂತಿಗೂ ಗಾಜಿನ ಬಳೆಗೂ ಹೆಸರಾಗಿತ್ತು. ತಂತಿ ಹೋಯಿತು, ಬಳೆ ಹೋಯಿತು, ಅರಗು ಉಳಿಯಿತು. 2005–06ರಲ್ಲಿ ಇಲ್ಲಿಯ ಬೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆಯಿತು.

ಮನ್ನಣೆ ದೊರೆತ ಕಾಲದಲ್ಲಿಯೇ ಅಂಗಡಿಗಳಿಗೆ ಚೀನಾದಿಂದ ಬಂದ ಅಗ್ಗದ ಆಟಿಕೆಗಳು ನುಗ್ಗಿದವು. ಮೊದಲು ಪ್ಲಾಸ್ಟಿಕ್ಕಿನವು, ಆಮೇಲೆ ಮರದವೂ. ಆಲೆಮರದ ರೈಲಿನ ಪಕ್ಕದಲ್ಲಿಯೇ ಅದರ ಅರ್ಧ ಬೆಲೆಯ ರೈಲು ಕುಳಿತಾಗ ಲೇತುಗಳು ಒಂದೊಂದಾಗಿ ನಿಂತವು. ಒಂದು ಕಾಲದಲ್ಲಿ ನಮ್ಮ ಮರದಿಂದ ಚೀನೀಯರು ಜಗತ್ತಿನ ಶ್ರೇಷ್ಠ ಪೆಟ್ಟಿಗೆಗಳನ್ನು ಮಾಡಿದರು. ಇನ್ನೊಂದು ಕಾಲದಲ್ಲಿ ಅವರ ಕಾರ್ಖಾನೆಯ ಮಾಲು ನಮ್ಮ ಪೆಟ್ಟಿಗೆಗಾರನ ಅನ್ನಕ್ಕೆ ಅಡ್ಡ ಬಂದಿತು. ಚೀನೀಯರನ್ನು ಬೈಯುವುದರಿಂದ ಫಲವಿಲ್ಲ. ವೆನ್ ಪಂಡಿತನ ನಾಡಿನಲ್ಲಿಯೂ ಕೈಯಿಂದ ಪೆಟ್ಟಿಗೆ ಕೊರೆಯುವವರು ಕಾರ್ಖಾನೆಯ ಎದುರಿನಲ್ಲಿಯೇ ಬದುಕಬೇಕಾಗಿದೆ. ಆಮದು ಆಟಿಕೆಗಳ ಮೇಲೆ 2021ರ ಜನವರಿಯಿಂದ ಗುಣಮಟ್ಟದ ಕಟ್ಟುಪಾಡು ಜಾರಿಗೆ ಬಂದ ಬಳಿಕ ಪೈಪೋಟಿಯ ಬಿಸಿ ಕೊಂಚ ತಗ್ಗಿದೆ.

ಅಷ್ಟರಲ್ಲಿ ರಸ್ತೆಯೇ ಸರಿದುಹೋಯಿತು. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು ಮೈಸೂರು ಹತ್ತು ಪಥದ ದಾರಿ ರಾಮನಗರವನ್ನೂ ಚನ್ನಪಟ್ಟಣವನ್ನೂ ಬದಿಗಿಟ್ಟು ಸಾಗುತ್ತದೆ. ಮೈಸೂರಿಗೆ ಹೋಗುವವರಿಗೆ ಗಂಟೆಗಳು ಉಳಿದವು. ಹಳೆಯ ರಸ್ತೆಯ ಅಂಗಡಿಗಳಿಗೆ ಗಿರಾಕಿಗಳು ಉಳಿಯಲಿಲ್ಲ. ಇಲ್ಲಿಯ ವ್ಯಾಪಾರ ನಿಂತದ್ದು ದಾರಿಹೋಕರ ಮೇಲೆ. ಕಾಫಿಗೆಂದು ನಿಂತವರು, ಮಗುವಿನ ಹಟಕ್ಕೆ ಸೋತವರು, ಕೆಂಗಲ್ಲಿನ ಹನುಮನಿಗೆ ಕಾಯಿ ಒಡೆಸಿ ಬಂದವರು. ಅಂಥವರಿಗೆ ಗೊಂಬೆಯ ಜೊತೆಗೆ ಒಂದು ದುಂಡು ಪೆಟ್ಟಿಗೆಯೂ ಸಾಗುತ್ತಿತ್ತು. ಪೆಟ್ಟಿಗೆಯನ್ನೇ ಹುಡುಕಿಕೊಂಡು ಬರುವವರು ಹಿಂದೆಯೂ ಇರಲಿಲ್ಲ. ದೂರದ ಊರುಗಳಿಂದ ಬರುವ ಬೇಡಿಕೆಯ ಮೇಲೆ ಕೆಲವು ಕಾರ್ಯಾಗಾರಗಳು ಚೆನ್ನಾಗಿಯೇ ನಡೆಯುತ್ತಿವೆ. ರಸ್ತೆಯ ಬದಿಯ ಸಣ್ಣ ಅಂಗಡಿಗೆ ಆ ಭಾಗ್ಯವಿಲ್ಲ.

ಕೊಳ್ಳಬಯಸುವವರಿಗೆ ಒಂದೆರಡು ಸೂಚನೆ. ಪೆಟ್ಟಿಗೆಯ ಹೊಳಪನ್ನು ನೋಡಿ ಮೆಚ್ಚಬೇಡಿ, ಮುಚ್ಚಳವನ್ನು ಹಿಡಿದು ಇಡೀ ಪೆಟ್ಟಿಗೆಯನ್ನು ಎತ್ತಿ ನೋಡಿ. ತಳ ಕಳಚಿ ಬೀಳದೆ, ಬಲವಂತವಿಲ್ಲದೆ ಬಿಚ್ಚಿಕೊಂಡರೆ ಮರ ಒಣಗಿದ್ದು, ಕೈ ಪಳಗಿದ್ದು. ಒಳಗೆ ಬಣ್ಣ ಬಳಿಯದ ಬಿಳಿಯ ಮರ ಕಂಡರೆ ಅದು ಕುಂದಲ್ಲ, ಆಲೆಮರದ ಸ್ವಂತ ಬಣ್ಣ. ಬಿಸಿಯಾದ ಕಾಫಿಯ ಲೋಟವನ್ನು ಮಾತ್ರ ಅದರ ಮೇಲೆ ಇಡಬಾರದು; ಅರಗು ಬಿಸಿಯಿಂದ ಹತ್ತಿದ್ದು, ಬಿಸಿಗೆ ಬಿಡುತ್ತದೆ. ಮೊನೆಯ ತುಂಡು, ಅಂಚೆಚೀಟಿ, ಗುಂಡುಸೂಜಿ, ಯಾರದೋ ಹಳೆಯ ಪತ್ರದಿಂದ ಬಿದ್ದ ಒಣಹೂವು, ಇಷ್ಟಕ್ಕೆ ಅದರಲ್ಲಿ ಧಾರಾಳವಾಗಿ ಸ್ಥಳವಿದೆ. ಹೊಸ ದಾರಿಯಲ್ಲಿ ಹೊರಟವರು ರಾಮನಗರಕ್ಕೆ ಮುಂಚೆಯೇ ಹಳೆಯ ಹೆದ್ದಾರಿಗೆ ಇಳಿಯಬೇಕು. ಜಾನಪದ ಲೋಕ ಕಳೆದು, ಕೆಂಗಲ್ಲಿನ ಗುಡಿ ಕಳೆದು, ಚನ್ನಪಟ್ಟಣದ ಕಲಾನಗರದ ಕಡೆ ದಾರಿ ಕೇಳಿದರೆ ಲೇತಿನ ಸದ್ದೇ ಮುಂದಕ್ಕೆ ಕರೆದೊಯ್ಯುತ್ತದೆ.